ಫ್ರೆಂಚ್ ಟೋಸ್ಟ್ ಬೇಕ್: ಇಡೀ ಬ್ರೆಡ್ಡೋ, ಪ್ಯಾಕೆಟ್ ಸ್ಲೈಸೋ, ಬನ್ನೋ?
ಬ್ರೆಡ್ಡನ್ನು ಮೊಟ್ಟೆ-ಹಾಲಿನ ಮಿಶ್ರಣದಲ್ಲಿ ನೆನೆಸಿ ಓವನ್‌ನಲ್ಲಿ ಬೇಯಿಸುವ ಸಿಹಿ ತಿಂಡಿ ಇದು. ಆರು ಜನರಿಗೆ 400 ಗ್ರಾಂ ಬ್ರೆಡ್, 6 ಮೊಟ್ಟೆ, ಅರ್ಧ ಲೀಟರ್ ಹಾಲು, 80 ಗ್ರಾಂ ಸಕ್ಕರೆ, ಏಲಕ್ಕಿ; 180 ಡಿಗ್ರಿಯಲ್ಲಿ 40–45 ನಿಮಿಷ. ಯಾವ ಬ್ರೆಡ್ ಎನ್ನುವುದೇ ಪ್ರಶ್ನೆ.

ರಾತ್ರಿಯೇ ನೆನೆಸಿಡುವುದಾದರೆ ಹಾಸನದ ಅಯ್ಯಂಗಾರ್ ಬೇಕರಿಗಳಲ್ಲಿ ಸಿಗುವ ಇಡೀ ಬ್ರೆಡ್ಡೇ ವಾಸಿ. ಸ್ಲೈಸ್ ಮಾಡಿಸದೆ ತಂದು, ಒಂದಿಂಚಿನ ತುಂಡು ಮಾಡಿ ಒಂದು ದಿನ ಆರಲು ಬಿಡಿ. ಒತ್ತಿದರೆ ಅಂಚು ಗರಗರ ಎನ್ನಬೇಕು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಅದು ಆರುವುದೇ ಇಲ್ಲ, 150 ಡಿಗ್ರಿಯಲ್ಲಿ ಹತ್ತು ನಿಮಿಷ ಒಣಗಿಸಿ. ಹಸಿ ಬ್ರೆಡ್ ಹಾಲು ಹೀರದೆ ತಳದಲ್ಲಿ ಮೊಟ್ಟೆ ಬೇರೆಯೇ ಗಟ್ಟಿಯಾಗುತ್ತದೆ.

ಬೆಳಿಗ್ಗೆ ಎದ್ದ ಮೇಲೆ ಶುರು ಮಾಡುವವರಿಗೆ ಪ್ಯಾಕೆಟ್ ಸ್ಲೈಸ್ ಸುಲಭ. ತೆಳುವಾದ್ದರಿಂದ ಅರ್ಧ ಗಂಟೆ ನೆನೆದರೆ ಸಾಕು, ಹಾಲು 100 ಮಿಲಿ ಕಡಿಮೆ ಹಾಕಿ. ರಾತ್ರಿಯಿಡೀ ಬಿಟ್ಟರೆ ಗಂಜಿಯೇ.

ಮಕ್ಕಳಿದ್ದರೆ ಬನ್. ಖರ್ಚು ಸ್ವಲ್ಪ ಹೆಚ್ಚು. ಸಿಹಿ ಅದರಲ್ಲೇ ಇದೆ, ಸಕ್ಕರೆ ಅರ್ಧಕ್ಕಿಳಿಸಿ, ಮೇಲ್ಭಾಗ ಸೀಯದಂತೆ ಮೊದಲ 25 ನಿಮಿಷ ಫಾಯಿಲ್ ಮುಚ್ಚಿ.