ಒಂದೇ ನರಿ ಎಲ್ಲ ಪುಟದಲ್ಲೂ ಬೇಕು: ಮೂರು ಬಗೆಯ ಎಐ ಚಿತ್ರ ಟೂಲ್‌ಗಳ ಹೋಲಿಕೆ

ಒಂದೇ ಒಂದು ಚಂದದ ಚಿತ್ರ ಸಾಕು ಅಂದರೆ ಈಗ ಯಾವ ಎಐ ಟೂಲ್ ಹಿಡಿದರೂ ನಡೆಯುತ್ತದೆ. ಅದೇ ಪಾತ್ರ ಪುಟದಿಂದ ಪುಟಕ್ಕೆ ಹಾಗೇ ಉಳಿಯಬೇಕು ಅಂದಾಗಲೇ ಕಷ್ಟ ಶುರು. ಅದಕ್ಕೇ ಮಕ್ಕಳ ಚಿತ್ರಕಥೆಯೊಂದನ್ನು ಇಟ್ಟುಕೊಂಡು ಮೂರು ಬಗೆಯ ಟೂಲ್‌ಗಳಲ್ಲಿ ಮಾಡಿಸಿ ನೋಡಿದೆ. ಕಥೆಯ ನಾಯಕ ಒಂದು ಮುದಿ ನರಿ. ಎಡಗಿವಿಯ ತುದಿ ಹರಿದಿದೆ, ಕುತ್ತಿಗೆಗೆ ನೀಲಿ ಶಾಲು, ತಲೆಗೆ ಟೋಪಿ ಇಲ್ಲ.

ಮೊದಲು, ತಿಂಗಳ ಚಂದಾ ಕಟ್ಟಿ ಬಳಸುವ, ಅಂದಕ್ಕೇ ಹೆಸರಾದ ಸೇವೆ. ಎರಡು ಸಾಲು ಕೊಟ್ಟರೆ ಬೆಳಕು, ನೆರಳು, ಬಣ್ಣಗಳ ಹೊಂದಾಣಿಕೆ ಎಲ್ಲ ತಾನೇ ನೋಡಿಕೊಳ್ಳುತ್ತದೆ. ಮಳೆ ನಿಂತ ಕಾಡು, ಒದ್ದೆ ಎಲೆಗಳ ಮೇಲೆ ಸಂಜೆ ಬಿಸಿಲು, ನಡುವೆ ನರಿ: ಇಂಥ ಚಿತ್ರ ಉಳಿದೆರಡರಲ್ಲಿ ನನಗೆ ಸಿಗಲೇ ಇಲ್ಲ. ಆದರೆ ಇದಕ್ಕೆ ತನ್ನದೇ ಒಂದು ರುಚಿ ಇದೆ. ಸಾದಾ ಪೆನ್ಸಿಲ್ ಗೆರೆ ಕೇಳಿದರೂ ಪೋಸ್ಟರಿನ ಮೆರುಗು ಹಚ್ಚಿಬಿಡುತ್ತದೆ. ಮಾದರಿ ಚಿತ್ರ ಕೊಟ್ಟು ‘ಇದೇ ಪಾತ್ರ ಇರಲಿ’ ಅನ್ನುವ ಸೌಲಭ್ಯವೂ ಇದೆ. ಶಾಲು ಉಳಿಯಿತು. ಕಿವಿ ಮಾತ್ರ ಒಂದು ಚಿತ್ರದಲ್ಲಿ ಎಡಗಡೆ ಹರಿದಿತ್ತು, ಇನ್ನೊಂದರಲ್ಲಿ ಬಲಗಡೆ, ಮತ್ತೊಂದರಲ್ಲಿ ಎರಡೂ ಸರಿಯಾಗಿಯೇ ಇದ್ದವು. ಮಕ್ಕಳ ಕಣ್ಣಿಗೆ ಮೊದಲು ಬೀಳುವುದೇ ಇಂಥದ್ದು ಅಲ್ವಾ?

ಎರಡನೆಯದು ಚಾಟ್‌ನೊಳಗೇ ಚಿತ್ರ ಮಾಡಿಕೊಡುವ ಟೂಲ್. ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಇದೇ ಮುಂದೆ. ‘ಎಡಗಡೆ ನರಿ, ಬಲಗಡೆ ಆಮೆ, ನಡುವೆ ಮೂರು ಲಾಟೀನು, ಮಧ್ಯದ್ದು ಆರಿರಬೇಕು’ ಅಂದರೆ ಹಾಗೇ ಬಂತು. ಇದೇ ಸಾಲನ್ನು ಬೇರೆ ಟೂಲ್‌ಗೆ ಕೊಟ್ಟಾಗ ಆಮೆಯ ಕುತ್ತಿಗೆಗೂ ನೀಲಿ ಶಾಲು ಬಂದಿತ್ತು. ಒಬ್ಬರ ಗುಣ ಇನ್ನೊಬ್ಬರಿಗೆ ಹೀಗೆ ಸೋರುವುದು ಈ ತಂತ್ರದ ಹಳೇ ತೊಂದರೆ. ತಿದ್ದುಪಡಿಯಲ್ಲಿ ಮಾತ್ರ ಚಾಟ್ ಟೂಲ್ ಸೋಲುತ್ತದೆ. ಶಾಲಿನ ಬಣ್ಣವಷ್ಟೇ ಬದಲಿಸು ಅಂದರೂ ನನಗೆ ಇಡೀ ಚಿತ್ರವನ್ನು ಹೊಸದಾಗಿ ಬರೆದುಕೊಟ್ಟಿತು, ಜೊತೆಗೆ ಮುಖವೂ ಚೂರು ಬದಲಾಯಿತು. ಕೆಲವು ಸುತ್ತು ತಿದ್ದಿದ ಮೇಲೆ ಮೊದಲಿನದನ್ನೂ ಕೊನೆಯದನ್ನೂ ಜೊತೆಗಿಟ್ಟರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ, ಒಂದೇ ನರಿ ಅನ್ನಿಸುವುದಿಲ್ಲ. ಇಂಗ್ಲಿಷ್ ಅಕ್ಷರ ಚೆನ್ನಾಗಿಯೇ ಬರೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಬಂದರೆ ಎಡವುತ್ತದೆ. ‘ಕತ್ತಲು’ ಬರೆಸಿದಾಗ ತಕಾರದ ಒತ್ತಿನ ಜಾಗದಲ್ಲಿ ಏನೋ ಸುರುಳಿ ಇತ್ತು. ಅಕ್ಷರಗಳನ್ನು ಆಮೇಲೆ ಬೇರೆ ಸಾಫ್ಟ್‌ವೇರಿನಲ್ಲಿ ಕೂರಿಸುವುದೇ ಸರಿ.

ಮೂರನೆಯದು ಓಪನ್ ಮಾಡೆಲ್, ಅಂದರೆ ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದಾದದ್ದು. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಅನ್ನುವ ಇಂಥ ಮಾಡೆಲ್ ಹೊರಬಂದಾಗ ಈ ದಾರಿ ಎಲ್ಲರಿಗೂ ತೆರೆಯಿತು. ಮೊದಲು ಬರೀ ಚುಕ್ಕೆಗಳ ಗದ್ದಲ ಇರುತ್ತದೆ. ಹಂತ ಹಂತವಾಗಿ ಅದನ್ನು ತೆಗೆಯುತ್ತಾ ಹೋದ ಹಾಗೆ ಚಿತ್ರ ಮೂಡುತ್ತದೆ. ಆ ಆರಂಭದ ಗದ್ದಲಕ್ಕೆ ಸೀಡ್ ಅಂತ ಒಂದು ಸಂಖ್ಯೆ. ಅದೇ ಮಾಡೆಲ್, ಅದೇ ಮಾತು, ಅದೇ ಸೀಡ್, ಅದೇ ಸೆಟ್ಟಿಂಗ್ ಕೊಟ್ಟರೆ ಅದೇ ಚಿತ್ರ ಮತ್ತೆ ಬರುತ್ತದೆ. ಈ ಹಿಡಿತ ಇರುವುದರಿಂದ ಮುಖ ಮುಟ್ಟದೆ ಶಾಲನ್ನಷ್ಟೇ ತಿದ್ದಬಹುದು. ಶಾಲಿನ ಮೇಲೆ ಮಾಸ್ಕ್, ಅಂದರೆ ಇಷ್ಟೇ ಜಾಗ ಅಂತ ತೋರಿಸುವ ಗುರುತು, ಬಳಿದರೆ ಅಷ್ಟೇ ಜಾಗ ಬದಲಾಗುತ್ತದೆ.

ನನಗೆ ನಿಜವಾಗಿ ಕೈಹಿಡಿದದ್ದು ಎರಡು. ಒಂದು, 2023ರಲ್ಲಿ ಬಂದ ಕಂಟ್ರೋಲ್‌ನೆಟ್. ನರಿ ಹೇಗೆ ಕೂತಿರಬೇಕು ಅಂತ ಗೆರೆ ಎಳೆದು ಕೊಟ್ಟರೆ ಆ ಗೆರೆಯ ಮೇಲೇ ಚಿತ್ರ ಕಟ್ಟುತ್ತದೆ. ಇನ್ನೊಂದು ಲೋರಾ. ನಾನೇ ಬರೆದ ನರಿಯ ಸ್ಕೆಚ್‌ಗಳನ್ನು ಬೇರೆ ಬೇರೆ ಕೋನಗಳಿಂದ ಕೊಟ್ಟು ಮಾಡೆಲ್‌ಗೆ ಸಣ್ಣದೊಂದು ಹೆಚ್ಚುವರಿ ಪಾಠ ಮಾಡಿದೆ. ಆಮೇಲೆ ಹರಿದ ಕಿವಿ ಬಹುಪಾಲು ಎಡಗಡೆಯೇ ಇತ್ತು. ಇದಕ್ಕೆ ಬೆಲೆಯೂ ಇದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಆ ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇದ್ದರೆ ಆರಾಮು. ಕಲಿಯುವುದು ಜಾಸ್ತಿ. ಬೆರಳುಗಳ ಲೆಕ್ಕ ತಪ್ಪುವುದು ಇದ್ದೇ ಇದೆ, ಈಗಲೂ ಎಣಿಸಿ ನೋಡಬೇಕು.

ಕೆಲವು ಮಿತಿಗಳು ಈ ತಂತ್ರಕ್ಕೇ ಅಂಟಿದವು, ಹೊಸ ವರ್ಷನ್‌ಗಳಲ್ಲಿ ಕಡಿಮೆ ಅಷ್ಟೇ. ‘ಟೋಪಿ ಇಲ್ಲದ ನರಿ’ ಅಂದರೆ ಎಷ್ಟೋ ಸಲ ಟೋಪಿ ಬಂದುಬಿಡುತ್ತದೆ. ಇವು ಕಲಿತಿರುವುದು ಚಿತ್ರ ಮತ್ತು ಅದರ ವಿವರಣೆಯ ಜೋಡಿಗಳಿಂದ. ವಿವರಣೆ ಬರೆಯುವವರು ಇರುವುದನ್ನು ಬರೆಯುತ್ತಾರೆ, ಇಲ್ಲದ್ದನ್ನು ಯಾಕೆ ಬರೆಯುತ್ತಾರೆ? ಟೂಲ್‌ಗೆ ಬರೆದುಕೊಡುವ ಮಾತಿಗೆ ಪ್ರಾಂಪ್ಟ್ ಅನ್ನುತ್ತಾರೆ; ಬೇಡದ್ದನ್ನು ಬರೆಯುವುದಕ್ಕೆ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ನೆಗೆಟಿವ್ ಪ್ರಾಂಪ್ಟ್ ಅಂತ ಬೇರೆ ಜಾಗವೇ ಇದೆ. ಗಡಿಯಾರದ ಕಥೆಯೂ ಇಷ್ಟೇ. ಆರೂವರೆ ತೋರಿಸು ಅಂದರೆ ಎಷ್ಟೋ ಸಲ ಮುಳ್ಳುಗಳು ಹತ್ತು ಗಂಟೆ ಹತ್ತು ನಿಮಿಷಕ್ಕೇ ಹೋಗಿ ನಿಲ್ಲುತ್ತವೆ, ಜಾಹೀರಾತಿನ ವಾಚುಗಳೆಲ್ಲ ಹೆಚ್ಚಾಗಿ ಹಾಗೇ ಇರುತ್ತವಲ್ಲ.

ಹಕ್ಕಿನ ವಿಷಯ ಸುಮ್ನೆ ಬಿಡುವಂಥದ್ದಲ್ಲ. ಎಐ ಚಿತ್ರಗಳಿದ್ದ ಒಂದು ಕಾಮಿಕ್ಸ್ ಬಗ್ಗೆ 2023ರ ಫೆಬ್ರವರಿಯಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಹೇಳಿದ್ದು ಇದು: ಬರಹಕ್ಕೆ, ಮಾತು ಮತ್ತು ಚಿತ್ರಗಳ ಜೋಡಣೆಗೆ ರಕ್ಷಣೆ ಉಂಟು, ಎಐ ಮಾಡಿದ ಬಿಡಿ ಚಿತ್ರಗಳಿಗೆ ಇಲ್ಲ. ಸಾವಿರಾರು ಕಲಾವಿದರ ಕೆಲಸವನ್ನು ಕೇಳದೆ ಬಳಸಿ ಇವಕ್ಕೆ ಕಲಿಸಿದ್ದಾರೆ ಅನ್ನುವುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಅದಕ್ಕೇ ಬದುಕಿರುವ ಯಾವ ಚಿತ್ರಕಾರರ ಹೆಸರನ್ನೂ ಪ್ರಾಂಪ್ಟಿನಲ್ಲಿ ಹಾಕುವುದಿಲ್ಲ. ದೃಶ್ಯ ಯೋಚಿಸುವುದಕ್ಕೆ ಚಾಟ್ ಟೂಲ್, ಬಣ್ಣದ ಹದ ಹುಡುಕುವುದಕ್ಕೆ ಚಂದಾ ಸೇವೆ ಇಟ್ಟುಕೊಂಡಿದ್ದೇನೆ. ಪುಸ್ತಕದೊಳಗೆ ಹೋಗುವ ಪುಟಗಳನ್ನು ನನ್ನ ಸ್ಕೆಚ್ ಮೇಲೆ, ನನ್ನ ಕಂಪ್ಯೂಟರಿನಲ್ಲೇ ಮಾಡುತ್ತಿದ್ದೇನೆ.