ಕಾವೇರಿ ಸಂಪರ್ಕ ಹಾಕಿಸಿಕೊಳ್ಳಿ, ಆದರೆ ಬೋರ್ ನೀರಿಗೆ ಬೆರೆಸಬೇಡಿ

ನಾವಿರುವುದು ಬೆಂಗಳೂರಿನ ಮಹದೇವಪುರದ ಕಡೆ. 2024ರ ಅಕ್ಟೋಬರ್‌ನಲ್ಲಿ ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನವರೂ ಅರ್ಜಿ ಹಾಕಿದೆವು, ದುಡ್ಡು ಕಟ್ಟಿದೆವು, ನೀರು ಬಂತು. ಈಗ ಅಕ್ಕಪಕ್ಕದ ಕಟ್ಟಡಗಳವರು ಕೇಳುವುದು ಎರಡೇ ಮಾತು: ಅಷ್ಟು ದುಡ್ಡು ಕಟ್ಟಿದ್ದು ಸಾರ್ಥಕವಾಯಿತಾ? ಇನ್ನು ಮೇಲೂ ನೀರಿನ ಲವಣ ಸೋಸಿ ತೆಗೆಯುವ ಆರ್‌ಓ ಯಂತ್ರ ಬೇಕಾ? ಸಾರ್ಥಕವಾಯಿತು. ಆರ್‌ಓ ಬೇಡ. ಆದರೆ ಈ ಎರಡನೇ ಉತ್ತರ ನಿಮ್ಮ ಸಂಪಿನ ಮೇಲೆ ನಿಂತಿದೆ.

ನಾನು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟೆಂಬುದನ್ನು, ಅಳೆಯುವ ಪ್ರಯೋಗವನ್ನು ವರ್ಷವರ್ಷವೂ ಮಕ್ಕಳಿಂದ ಮಾಡಿಸಿದ್ದೇನೆ. ಅದನ್ನೇ ಒಂದು ಸಣ್ಣ ಕಿಟ್ ತರಿಸಿ ಮನೆಯಲ್ಲಿ ಮಾಡಿದೆ. ಸೂಚಕ ಹಾಕಿದೊಡನೆ ನೀರು ಕಡುಗೆಂಪಾಗುತ್ತದೆ. ಇಡಿಟಿಎ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರೆ, ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅದಕ್ಕೆ ಅಂಟಿಕೊಂಡು ಮುಗಿಯುತ್ತಲೇ ಬಣ್ಣ ನೀಲಿಗೆ ತಿರುಗುತ್ತದೆ. ನಮ್ಮ ಬೋರ್ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ದಾಟಿತು. ಕಾವೇರಿಯದು 120ರ ಆಸುಪಾಸು. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ಒಪ್ಪುವುದು 200. ಬೇರೆ ಮೂಲವೇ ಇಲ್ಲದ ಕಡೆ 600ರ ತನಕ ಬಿಟ್ಟುಕೊಡುತ್ತದೆ, ಅಷ್ಟೇ.

ಕಾರಣ ಸರಳ. ಬೋರ್ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಅಲ್ಲಿನ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಕಾವೇರಿಯದು ಹರಿವ ನೀರು, ಹೆಚ್ಚಿನದು ಮಳೆಯದು.

ಅಡುಗೆಮನೆಯಲ್ಲಿ ಈ ವ್ಯತ್ಯಾಸ ತಿಳಿಯಲು ಕಿಟ್ ಬೇಕಿಲ್ಲ. ಕೋಲಾರದಲ್ಲಿ ನಮ್ಮಮ್ಮ ಬೇಳೆಗೂ ಕಾಫಿಗೂ ಸಿಹಿನೀರಿನ ಬಾವಿಯಿಂದಲೇ ಕೊಡ ಹೊರುತ್ತಿದ್ದರು, ಉಪ್ಪುನೀರಿನ ಬಾವಿ ಮನೆಗೆ ಹತ್ತಿರವಿದ್ದರೂ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್‌ಗೆ ಕಚ್ಚಿಕೊಂಡು ಅದನ್ನು ಕರಗಗೊಡುವುದಿಲ್ಲ. ಅದಕ್ಕೇ ಎಷ್ಟು ವಿಷಲ್ ಕೂಗಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಉಳಿಯುವುದು, ಜನ ಚಿಟಿಕೆ ಅಡುಗೆ ಸೋಡಾ ಹಾಕುವುದು. ಈಗ ಸೋಡಾ ಇಲ್ಲದೆ ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಚಹಾದ ಮೇಲೆ ಕಟ್ಟುತ್ತಿದ್ದ ಕಂದು ಪೊರೆ ಇಲ್ಲ. ಡಿಕಾಕ್ಷನ್ನಿನ ಘಮ ಬೇರೆಯೇ. ಸ್ಟೀಲ್ ಲೋಟಗಳ ಬಿಳಿ ಕಲೆ ಹೋಗಿದೆ, ಸೋಪು ಚೆನ್ನಾಗಿ ನೊರೆಯಾಗುತ್ತದೆ.

ಕ್ಲೋರಿನ್ ವಾಸನೆಯ ಬಗ್ಗೆ ಗೊಣಗುವವರಿದ್ದಾರೆ. ಅಷ್ಟು ದೂರ ಕೊಳವೆಯಲ್ಲಿ ಬರುವ ನೀರಿನಲ್ಲಿ ನಲ್ಲಿಯ ತನಕವೂ ಸ್ವಲ್ಪ ಕ್ಲೋರಿನ್ ಉಳಿದಿರಲೇಬೇಕು. ಉಳಿದಿದೆ ಅಂದರೆ ಅದು ರೋಗಾಣುಗಳ ವಿರುದ್ಧ ಇನ್ನೂ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದಷ್ಟು ಹೊತ್ತು ಬಿಟ್ಟರೆ ವಾಸನೆ ಇಳಿಯುತ್ತದೆ.

ಆರ್‌ಓ ಮಾರುವವರ ಪ್ರದರ್ಶನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಟ್ಟಡದಲ್ಲೇ ವಯಸ್ಸಾದ ದಂಪತಿ ಅದನ್ನು ನೋಡಿ ಹೆದರಿ ಯಂತ್ರ ಕೊಂಡರು. ಮಾರಾಟಗಾರ ಎರಡು ಲೋಟ ಇಡುತ್ತಾನೆ, ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಓ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟು ಹಾಯಿಸುತ್ತಾನೆ. ನಲ್ಲಿ ನೀರು ಕಂದಾಗಿ ಗಸಿ ಕಟ್ಟುತ್ತದೆ, ಆರ್‌ಓ ನೀರು ತಿಳಿಯಾಗಿಯೇ ಇರುತ್ತದೆ. ಆ ಗಸಿ ನೀರಿನದಲ್ಲ! ಕಡ್ಡಿಗಳಲ್ಲಿ ಕಬ್ಬಿಣವಿರುತ್ತದೆ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುವುದರಿಂದ ಆ ಕಬ್ಬಿಣ ಸವೆದು ತುಕ್ಕಾಗಿ ಬೀಳುತ್ತದೆ. ಆರ್‌ಓ ನೀರಿನಲ್ಲಿ ಲವಣ ಅತಿ ಕಡಿಮೆ, ಹರಿಯುವ ವಿದ್ಯುತ್ತೂ ಕಡಿಮೆ, ತುಕ್ಕಿಲ್ಲ. ಅದೇ ಆರ್‌ಓ ಲೋಟಕ್ಕೆ ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ತೋರಿಸಿ ಎಂದು ಕೇಳಿ. ಅದೂ ಕಂದಾಗುತ್ತದೆ. ಮನೆಯ ಹಿರಿಯರಿಗೆ ದಯವಿಟ್ಟು ಇದನ್ನು ಹೇಳಿಡಿ.

ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಇರುವ ಕಡೆ ಆರ್‌ಓ ನಿಷೇಧಿಸಬೇಕೆಂದು 2019ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ನಮ್ಮ ಕಾವೇರಿ ನೀರಿನ ಟಿಡಿಎಸ್ ಅದರ ಅರ್ಧವೂ ಇಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಹಾರೋಹಳ್ಳಿ, ತಾತಗುಣಿ ದಾಟಿಸಿ, ಸುಮಾರು 100 ಕಿಲೋಮೀಟರ್ ದೂರದಿಂದ ಹಂತಹಂತವಾಗಿ ಪಂಪ್ ಮಾಡಿ ಮೇಲೆತ್ತಿ ತಂದ ನೀರು ಅದು. ಅದನ್ನು ಯಂತ್ರಕ್ಕೆ ಹಾಕಿ ಅರ್ಧಕ್ಕಿಂತ ಹೆಚ್ಚನ್ನು ಮೋರಿಗೆ ಬಿಡುವುದು ನನಗೆ ಸಹಿಸಲಾಗದ ವಿಷಯ.

ಇನ್ನು ಸಂಪು. ಮೊದಲಲ್ಲಿ ನಮ್ಮ ಸಂಘ ಕಾವೇರಿಯನ್ನೂ ಬೋರ್‌ವೆಲ್ಲನ್ನೂ ಒಂದೇ ಸಂಪಿಗೆ ಬಿಟ್ಟಿತ್ತು. ಅರ್ಧರ್ಧ ಬೆರೆತರೆ ಗಡಸುತನ 360, ಮತ್ತೆ ಅದೇ ಬೇಳೆ, ಅದೇ ಬಿಳಿ ಕಲೆ. "ಕಾವೇರಿ ಬಂದರೂ ನೀರು ಹಾಗೇ ಇದೆಯಲ್ಲ ಆಂಟಿ" ಎಂದು ಮೂರನೇ ಮಹಡಿಯ ಹುಡುಗಿ ಕೇಳಿದಾಗ ನಾನು ಕಿಟ್ ಹಿಡಿದು ಸಂಘದ ಸಭೆಗೆ ಹೋದೆ, ಎಲ್ಲರ ಮುಂದೆ ಮೂರು ಲೋಟಗಳಲ್ಲಿ ಅಳೆದು ತೋರಿಸಿದೆ. ಈಗ ಕಾವೇರಿಗೆ ಪ್ರತ್ಯೇಕ ಸಂಪು, ಪ್ರತ್ಯೇಕ ಟ್ಯಾಂಕು, ಅಡುಗೆಮನೆಗಳಿಗೆ ಪ್ರತ್ಯೇಕ ಪೈಪು. ಪ್ಲಂಬಿಂಗ್ ಖರ್ಚು ಬಂತು, ನಿಜ. ಬೋರ್ ನೀರು ಸಾಫ್ಟ್‌ನರ್ ಮೂಲಕ ಸ್ನಾನಕ್ಕೆ, ಬಟ್ಟೆಗೆ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಹಾಗಾಗಿ ಅದರ ಟಿಡಿಎಸ್ ಇಳಿಯಲಿಲ್ಲವೆಂದು ಜಗಳ ತೆಗೆಯಬೇಡಿ, ರಕ್ತದೊತ್ತಡ ಇರುವವರು ಆ ನೀರು ಕುಡಿಯಬೇಡಿ, ಸಾಫ್ಟ್‌ನರ್ ತೊಳೆದ ಉಪ್ಪುನೀರನ್ನು ಗಿಡಕ್ಕೂ ಹಾಕಬೇಡಿ.

ಸಂಪಿನಲ್ಲಿ ನಿಂತ ನೀರೆಂಬ ಕಾರಣಕ್ಕೆ ಕುಡಿಯಲು ನಾನು ಕುದಿಸಿಯೇ ಇಡುತ್ತೇನೆ. ಫ್ಲಾಟ್ ಬಾಡಿಗೆಗೆ ನೋಡುವವರು "ಕಾವೇರಿ ಇದೆಯಾ" ಎಂದು ಕೇಳಿ ಬಿಡಬೇಡಿ. ಅಡುಗೆಮನೆಯ ನಲ್ಲಿಗೆ ಬರುವುದು ಯಾವ ಟ್ಯಾಂಕಿನ ನೀರು, ಸಂಪು ಕೊನೆಯ ಬಾರಿ ತೊಳೆಸಿದ್ದು ಯಾವಾಗ ಎಂದೂ ವಿಚಾರಿಸಿ.