ರಂಜಾನ್‌ನಲ್ಲಿ ಕೈರೋನಾ, ಮರಕೇಶಾ?

ಹಗಲು ಸುತ್ತುವವರಿಗೆ ಮೊರಾಕೊದ ಮರಕೇಶ್ ಸಲೀಸು. ಹಳೇ ಊರೆಲ್ಲ ಕಾಲ್ನಡಿಗೆಯ ದೂರ, ಪ್ರವಾಸಿಗರ ಕೆಫೆಗಳಲ್ಲಿ ಮಧ್ಯಾಹ್ನವೂ ಊಟ ಸಿಗುತ್ತದೆ. ಕೈರೋದಲ್ಲಿ ಪಿರಮಿಡ್ಡು, ಮ್ಯೂಸಿಯಂಗಳು ಮಾಮೂಲಿಗಿಂತ ಬೇಗ ಮುಚ್ಚುತ್ತವೆ; ಪಿರಮಿಡ್ಡುಗಳಿರುವ ಗೀಜಾಕ್ಕೆ ಬೆಳಿಗ್ಗೆಯೇ ಹೋಗಿಬಿಡಿ. ಇಫ್ತಾರ್‌ಗೆ (ಸಂಜೆ ಉಪವಾಸ ಬಿಡುವ ಊಟಕ್ಕೆ) ಮುಂಚಿನ ಎರಡು ತಾಸು ರಸ್ತೆ ಕಿಕ್ಕಿರಿದಿರುತ್ತದೆ. ಸೂರ್ಯಾಸ್ತದ ಮಗ್ರಿಬ್ ಆಜಾನ್ ಆದೊಡನೆ ಅದೇ ರಸ್ತೆ ಭಣಭಣ, ಟ್ಯಾಕ್ಸಿ ಸಿಗುವುದೂ ಕಷ್ಟ.

ರಾತ್ರಿಗೆ ಮಾತ್ರ ಕೈರೋ. ಮುಇಜ್ ಬೀದಿ, ಖಾನ್ ಎಲ್-ಖಲೀಲಿ ಬಜಾರಿನಲ್ಲಿ ತಗಡು, ಬಣ್ಣದ ಗಾಜಿನ ಫಾನೂಸ್ ದೀಪಗಳು ಸಾಲಾಗಿ ತೂಗುತ್ತವೆ. ಜನ ನಸುಕಿನ ಊಟವಾದ ಸಹರಿವರೆಗೂ ಓಡಾಡುತ್ತಾರೆ. ಮರಕೇಶದ ಜೆಮಾ ಎಲ್-ಫ್ನಾ ಚೌಕವೂ ಇಫ್ತಾರ್ ಮುಗಿದ ಮೇಲೆ ತುಂಬುತ್ತದೆ.

ಸಸ್ಯಾಹಾರಿಗಳಿಗೂ ಕೈರೋ ವಾಸಿ: ಅನ್ನ, ಬೇಳೆ, ಪಾಸ್ತಾ, ಕಡಲೆ, ಮೇಲೆ ಹುರಿದ ಈರುಳ್ಳಿ ಹಾಕಿದ ಕೊಶರಿ ಹೊಟ್ಟೆ ತುಂಬಿಸುತ್ತದೆ. ಮೊರಾಕೊದ ಹರೀರಾ ಸೂಪಿನಲ್ಲಿ ಹೆಚ್ಚಾಗಿ ಮಾಂಸವಿರುತ್ತದೆ, ಕೇಳಿಯೇ ಕುಡಿಯಿರಿ.

ಮಸೀದಿಯ ಒಳಗೆ ನೋಡಬೇಕೇ? ಕೈರೋದ ಇಬ್ನ್ ತುಲೂನ್, ಸುಲ್ತಾನ್ ಹಸನ್ ಮಸೀದಿಗಳಿಗೆ ನಮಾಜಿನ ಹೊತ್ತು ಬಿಟ್ಟು ಹೋಗಬಹುದು. ಮರಕೇಶದಲ್ಲಿ ಮುಸ್ಲಿಮೇತರರಿಗೆ ಪ್ರವೇಶವಿಲ್ಲ.

ಇನ್ನೊಂದು ತೊಡಕು: ರಂಜಾನ್‌ನಲ್ಲಿ ಮೊರಾಕೊ ಗಡಿಯಾರವನ್ನು 1 ಗಂಟೆ ಹಿಂದಿಡುತ್ತದೆ. ಫೋನ್ ಕೆಲವೊಮ್ಮೆ ಎಡವುತ್ತದೆ. ರೈಲಿನ ಸಮಯವನ್ನು ನಿಲ್ದಾಣದ ಗಡಿಯಾರಕ್ಕೆ ತಾಳೆ ನೋಡಿ.